ಆರ್ಥರ್ ಗೂಲ್ಡ್ ವೇಲ್ಸ್ ಪರ ಆಡಿದ 27 ಪಂದ್ಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಆರ್ಥರ್ ಗೂಲ್ಡ್ ಯಾರು?

ವೇಲ್ಸ್ ರಗ್ಬಿಯ ಮೊದಲ ದೊಡ್ಡ ತಾರೆ. 1864ರ ಅಕ್ಟೋಬರ್ 10ರಂದು ನ್ಯೂಪೋರ್ಟ್‌ನಲ್ಲಿ ಹುಟ್ಟಿದವರು. 1885ರಿಂದ 1897ರವರೆಗೆ ವೇಲ್ಸ್ ಪರ 27 ಪಂದ್ಯ ಆಡಿದರು, ಅವುಗಳಲ್ಲಿ 18ಕ್ಕೆ ನಾಯಕರಾಗಿದ್ದರು. 1893ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಮೂರನ್ನೂ ಒಂದೇ ವರ್ಷ ಸೋಲಿಸಿ ವೇಲ್ಸ್ ಮೊದಲ ಸಲ 'ಟ್ರಿಪಲ್ ಕ್ರೌನ್' ಗೆದ್ದದ್ದು ಇವರ ನಾಯಕತ್ವದಲ್ಲೇ. ಇವರಿಗೆ ಉಡುಗೊರೆಯಾಗಿ ಬಂದ ಒಂದು ಮನೆಯ ವಿಚಾರಕ್ಕೆ ವೇಲ್ಸ್ ರಗ್ಬಿ ನಡೆಸುವ ಯೂನಿಯನ್, ರಗ್ಬಿಯ ಅಂತರರಾಷ್ಟ್ರೀಯ ಮಂಡಳಿಯಿಂದಲೇ (ಇಂಟರ್‌ನ್ಯಾಷನಲ್ ಬೋರ್ಡ್) ಹೊರನಡೆಯಿತು. ಆ ಕತೆ ಕೆಳಗೆ ವಿವರವಾಗಿ ಇದೆ.

'ಮಂಕಿ ಗೂಲ್ಡ್' ಎಂದು ಏಕೆ ಕರೆಯುತ್ತಿದ್ದರು?

ಹುಡುಗನಾಗಿದ್ದಾಗ ಮರ ಹತ್ತುವ ಚಾಳಿಯಿತ್ತು, ಅದರಿಂದ ಬಂದ ಅಡ್ಡಹೆಸರು. ಅಭಿಮಾನಿಗಳು ಕೊನೆಯವರೆಗೂ ಪ್ರೀತಿಯಿಂದಲೇ ಹಾಗೆ ಕರೆದರು.

ಹನ್ನೆರಡು ವರ್ಷ ಆಡಿಯೂ ಬರೀ 27 ಪಂದ್ಯವೇ?

ಇಂದಿನ ಆಟಗಾರರು ಮೂರೇ ವರ್ಷದಲ್ಲಿ ಅಷ್ಟು ಆಡುತ್ತಾರೆ, ಹಾಗಾಗಿ ಈ ಅನುಮಾನ ಬರುವುದು ಸಹಜ. ಆದರೆ ಆಗ ವೇಲ್ಸ್‌ಗೆ ವರ್ಷಕ್ಕೆ ಸಿಗುತ್ತಿದ್ದುದು ಹೆಚ್ಚೆಂದರೆ ಮೂರು ಪಂದ್ಯ, ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಜೊತೆ ಒಂದೊಂದು. ಅದೂ ಪ್ರತಿ ವರ್ಷ ಪೂರ್ತಿಯಾಗುತ್ತಿರಲಿಲ್ಲ. 1885 ಮತ್ತು 1886ರಲ್ಲಿ ವೇಲ್ಸ್ ಮತ್ತು ಐರ್ಲೆಂಡ್ ಮುಖಾಮುಖಿಯಾಗಲೇ ಇಲ್ಲ. 1888 ಮತ್ತು 1889ರಲ್ಲಿ ಇಂಗ್ಲೆಂಡ್ ಯಾರೊಂದಿಗೂ ಈ ನಾಲ್ಕು ತಂಡಗಳ ಚಾಂಪಿಯನ್‌ಶಿಪ್ ಪಂದ್ಯ ಆಡಲಿಲ್ಲ. 1884ರ ಇಂಗ್ಲೆಂಡ್–ಸ್ಕಾಟ್ಲೆಂಡ್ ಪಂದ್ಯದ ಒಂದು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಬಗ್ಗೆ ಎದ್ದ ಜಗಳದಿಂದ ಹುಟ್ಟಿದ ಇಂಟರ್‌ನ್ಯಾಷನಲ್ ಬೋರ್ಡ್‌ಗೆ ಸೇರಲು ಇಂಗ್ಲೆಂಡ್ ಒಪ್ಪದೆ ಕೂತಿತ್ತು, 1890ರಲ್ಲಿ ಸೇರಿತು.

ಗೂಲ್ಡ್ ಅವರ ಮೊದಲ ಪಂದ್ಯದಿಂದ ಕೊನೆಯ ಪಂದ್ಯದವರೆಗೆ ವೇಲ್ಸ್ ಆಡಿದ್ದು ಒಟ್ಟು 34. ಅದರಲ್ಲಿ ಇವರು ತಪ್ಪಿಸಿಕೊಂಡದ್ದು ಏಳು ಮಾತ್ರ: 1888ರ ಐರ್ಲೆಂಡ್ ಪಂದ್ಯ, ಅದೇ ವರ್ಷ ಡಿಸೆಂಬರ್‌ನಲ್ಲಿ ಪ್ರವಾಸಕ್ಕೆ ಬಂದಿದ್ದ ನ್ಯೂಜಿಲೆಂಡ್ ನೇಟಿವ್ಸ್ ವಿರುದ್ಧದ ಪಂದ್ಯ, 1889ರ ಸ್ಕಾಟ್ಲೆಂಡ್ ಪಂದ್ಯ, 1891ರ ಮೂರೂ ಪಂದ್ಯ, 1894ರ ಐರ್ಲೆಂಡ್ ಪಂದ್ಯ. 1891ರಲ್ಲಿ ಆಡದೇ ಇದ್ದುದಕ್ಕೆ ಕಾರಣ ಕೆಲಸ. ಅಣ್ಣನ ಜೊತೆ ಕಾಮಗಾರಿ ಗುತ್ತಿಗೆಯ ಕೆಲಸಕ್ಕೆ ವೆಸ್ಟ್ ಇಂಡೀಸ್‌ಗೆ ಹೋಗಿದ್ದರು. ಆಟದಿಂದ ಸಂಬಳ ಬರುವ ಕಾಲವಲ್ಲ ಅದು, ಹೊಟ್ಟೆಪಾಡಿಗೆ ದುಡಿಯಲೇಬೇಕಿತ್ತು.

ಯಾವ ವರ್ಷ ಯಾರ ವಿರುದ್ಧ ಆಡಿದರು? ಪೂರ್ತಿ ಪಟ್ಟಿ ಕೊಡಿ.

1885: ಇಂಗ್ಲೆಂಡ್, ಸ್ಕಾಟ್ಲೆಂಡ್.
1886: ಇಂಗ್ಲೆಂಡ್, ಸ್ಕಾಟ್ಲೆಂಡ್.
1887: ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್.
1888: ಸ್ಕಾಟ್ಲೆಂಡ್.
1889: ಐರ್ಲೆಂಡ್.
1890: ಸ್ಕಾಟ್ಲೆಂಡ್, ಇಂಗ್ಲೆಂಡ್, ಐರ್ಲೆಂಡ್.
1892, 1893: ಎರಡೂ ವರ್ಷ ಮೂರೂ ತಂಡ.
1894: ಇಂಗ್ಲೆಂಡ್, ಸ್ಕಾಟ್ಲೆಂಡ್.
1895, 1896: ಎರಡೂ ವರ್ಷ ಮೂರೂ ತಂಡ.
1897: ಇಂಗ್ಲೆಂಡ್.

ಫಲಿತಾಂಶ ಕೂಡಿಸಿದರೆ 10 ಗೆಲುವು, 3 ಡ್ರಾ, 14 ಸೋಲು. ಈ ಅಂಕಿ ನೋಡಿ "ಇಷ್ಟೇನಾ?" ಅನ್ನುವವರಿದ್ದಾರೆ. ಗೂಲ್ಡ್ ತಂಡಕ್ಕೆ ಬಂದಾಗ ವೇಲ್ಸ್ ಅಂತರರಾಷ್ಟ್ರೀಯ ರಗ್ಬಿಗೆ ಕಾಲಿಟ್ಟು ಇನ್ನೂ ನಾಲ್ಕು ವರ್ಷವಾಗಿತ್ತು. ಇಂಗ್ಲೆಂಡನ್ನಾಗಲಿ ಸ್ಕಾಟ್ಲೆಂಡನ್ನಾಗಲಿ ಒಮ್ಮೆಯೂ ಸೋಲಿಸಿರಲಿಲ್ಲ. ಸ್ಕಾಟ್ಲೆಂಡ್ ವಿರುದ್ಧದ ಮೊದಲ ಗೆಲುವು (1888, ನ್ಯೂಪೋರ್ಟ್), ಇಂಗ್ಲೆಂಡ್ ವಿರುದ್ಧದ ಮೊದಲ ಗೆಲುವು (1890), ಮೊದಲ ಟ್ರಿಪಲ್ ಕ್ರೌನ್ (1893) ಈ ಮೂರೂ ಸಂದರ್ಭದಲ್ಲಿ ಗೂಲ್ಡ್ ಮೈದಾನದಲ್ಲಿದ್ದರು. ಸೋತ ಪಂದ್ಯಗಳ ಎಣಿಕೆಗಿಂತ ಈ ಮೂರು ಬಾಗಿಲುಗಳು ತೆರೆದದ್ದೇ ದೊಡ್ಡದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಯಾವ ಸ್ಥಾನದಲ್ಲಿ ಆಡುತ್ತಿದ್ದರು?

ಶುರುವಿನಲ್ಲಿ ಫುಲ್‌ಬ್ಯಾಕ್, ಅಂದರೆ ಎಲ್ಲರಿಗಿಂತ ಹಿಂದೆ ನಿಂತು ಕಾಯುವವ. 1885ರ ಜನವರಿಯಲ್ಲಿ ಸ್ವಾನ್ಸೀಯ ಸೇಂಟ್ ಹೆಲೆನ್ಸ್ ಮೈದಾನದಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಪಂದ್ಯ ಆಡಿದ್ದು ಅದೇ ಸ್ಥಾನದಲ್ಲಿ. ವೇಲ್ಸ್ ಸೋತಿತು. ಮುಂದಿನ ಪಂದ್ಯ ಗ್ಲಾಸ್ಗೋದಲ್ಲಿ, ಸ್ಕಾಟ್ಲೆಂಡ್ ಜೊತೆ, ಯಾರೂ ಅಂಕ ಗಳಿಸದೆ ಡ್ರಾ.

ಆ ಕಾಲದ ಫುಲ್‌ಬ್ಯಾಕ್ ಚೆಂಡು ಸಿಕ್ಕ ಕೂಡಲೇ ಒದ್ದು ಸೈಡ್‌ಲೈನ್ ಆಚೆ ಹಾಕಬೇಕು, ಅಷ್ಟೇ ಅವನ ಕೆಲಸ. ಗೂಲ್ಡ್‌ಗೆ ಚೆಂಡು ಹಿಡಿದು ಓಡುವ ತವಕ. ಓಟದ ಸ್ಪರ್ಧೆಗಳಲ್ಲೂ ಹರ್ಡಲ್ಸ್‌ನಲ್ಲೂ ಬಹುಮಾನ ಗೆಲ್ಲುತ್ತಿದ್ದ ಕಾಲುಗಳು, ಹಿಂದೆ ಸುಮ್ಮನೆ ನಿಲ್ಲುವುದು ಹೇಗೆ? 1886ರಿಂದ ಅವರನ್ನು ಮುಂದಕ್ಕೆ, ಸೆಂಟರ್ ತ್ರೀ-ಕ್ವಾರ್ಟರ್ ಸ್ಥಾನಕ್ಕೆ, ಅಂದರೆ ಚೆಂಡು ಹಿಡಿದು ಓಡುವವರ ಸಾಲಿನ ನಡುವಿಗೆ ತಂದರು. ಅವರ ಹೆಸರು ಉಳಿದಿರುವುದು ಸೆಂಟರ್ ಆಗಿಯೇ. ಎರಡೂ ಕಾಲಿನಲ್ಲಿ ಒದೆಯಬಲ್ಲವರಾಗಿದ್ದರಿಂದ ಎದುರಾಳಿಗೆ ಯಾವ ಕಡೆ ಅಡ್ಡ ನಿಲ್ಲಬೇಕೆಂದು ತಿಳಿಯುತ್ತಿರಲಿಲ್ಲ.

'ನಾಲ್ಕು ತ್ರೀ-ಕ್ವಾರ್ಟರ್' ಪದ್ಧತಿಯನ್ನು ಕಂಡುಹಿಡಿದವರು ಗೂಲ್ಡ್ ಅಲ್ಲವೇ?

ಅಲ್ಲ, ಇದು ಬಹಳ ಕಡೆ ತಪ್ಪಾಗಿ ದಾಖಲಾಗಿದೆ. ಅದು ಕಾರ್ಡಿಫ್ ಕ್ಲಬ್‌ನ ಕೊಡುಗೆ, ಅದರ ಹಿಂದೆ ಇದ್ದವರು ಫ್ರಾಂಕ್ ಹ್ಯಾನ್‌ಕಾಕ್. ಗೂಲ್ಡ್ ಮೊದಮೊದಲು ಅದನ್ನು ಒಪ್ಪಿಕೊಂಡವರೂ ಅಲ್ಲ.

ಲೆಕ್ಕ ಹೀಗಿದೆ. ತಂಡದಲ್ಲಿ 15 ಜನ. ಹಳೆಯ ಪದ್ಧತಿಯಲ್ಲಿ 9 ಫಾರ್ವರ್ಡ್ (ಮುಂದೆ ನಿಂತು ಚೆಂಡಿಗಾಗಿ ಸೆಣಸುವವರು), 2 ಹಾಫ್‌ಬ್ಯಾಕ್ (ಅವರಿಂದ ಚೆಂಡು ಪಡೆದು ಹಿಂದಕ್ಕೆ ದಾಟಿಸುವವರು), 3 ತ್ರೀ-ಕ್ವಾರ್ಟರ್ (ಚೆಂಡು ಹಿಡಿದು ಓಡುವವರು), 1 ಫುಲ್‌ಬ್ಯಾಕ್. ಕಾರ್ಡಿಫ್‌ನವರು ಒಬ್ಬ ಫಾರ್ವರ್ಡ್‌ನನ್ನು ಕಡಿಮೆ ಮಾಡಿ 8, 2, 4, 1 ಮಾಡಿಕೊಂಡರು. ಹಿಂದೆ ನಾಲ್ವರು ಸಾಲಾಗಿ ನಿಂತರೆ ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತಾ ಮೈದಾನದ ಅಂಚಿನವರೆಗೆ ಒಯ್ಯಬಹುದು, ಮೂವರೇ ಇರುವ ಎದುರಾಳಿಗೆ ಕೊನೆಯವನನ್ನು ಹಿಡಿಯಲು ಆಳಿರುವುದಿಲ್ಲ. ತೊಂದರೆ ಇರುವುದು ಸ್ಕ್ರಮ್‌ನಲ್ಲಿ, ಅಂದರೆ ಎರಡೂ ಕಡೆಯ ಫಾರ್ವರ್ಡ್‌ಗಳು ಚೆಂಡಿಗಾಗಿ ಒತ್ತಾಗಿ ನಿಂತು ತಳ್ಳಾಡುವಲ್ಲಿ: ಎಂಟು ಜನ ಒಂಬತ್ತು ಜನರನ್ನು ತಡೆದು ನಿಲ್ಲಬೇಕು. ಅಲ್ಲಿ ಚೆಂಡೇ ಸಿಗದಿದ್ದರೆ ಹಿಂದೆ ನಾಲ್ವರು ನಿಂತು ಏನು ಪ್ರಯೋಜನ?

1886ರ ಜನವರಿಯಲ್ಲಿ ಕಾರ್ಡಿಫ್‌ನಲ್ಲಿ ಸ್ಕಾಟ್ಲೆಂಡ್ ವಿರುದ್ಧ ಹಾಗೆಯೇ ಆಯಿತು. ಅಂತರರಾಷ್ಟ್ರೀಯ ಪಂದ್ಯದಲ್ಲಿ ಈ ಪದ್ಧತಿಯ ಮೊದಲ ಪ್ರಯೋಗ ಅದು, ನಾಯಕ ಹ್ಯಾನ್‌ಕಾಕ್. ಸ್ಕಾಟ್ಲೆಂಡ್‌ನ ಒಂಬತ್ತು ಫಾರ್ವರ್ಡ್‌ಗಳು ವೇಲ್ಸ್‌ನ ಎಂಟು ಜನರನ್ನು ತುಳಿದು ಹಾಕಿದರು. ಆಟ ನಡೆಯುತ್ತಿರುವಾಗಲೇ ಹ್ಯಾನ್‌ಕಾಕ್ ಯೋಜನೆ ಕೈಬಿಟ್ಟು ಫುಲ್‌ಬ್ಯಾಕ್ ಹ್ಯಾರಿ ಬೋವೆನ್‌ರನ್ನು ಫಾರ್ವರ್ಡ್‌ಗಳ ಸಾಲಿಗೆ ಕಳಿಸಿದರು, ಗೂಲ್ಡ್‌ರನ್ನು ಸೆಂಟರ್‌ನಿಂದ ಹಿಂದಕ್ಕೆ ಫುಲ್‌ಬ್ಯಾಕ್ ಜಾಗಕ್ಕೆ ನಿಲ್ಲಿಸಿದರು. ಪಂದ್ಯ ಸೋತರು. ಹ್ಯಾನ್‌ಕಾಕ್ ಮತ್ತೆಂದೂ ವೇಲ್ಸ್ ಪರ ಆಡಲಿಲ್ಲ.

ಆ ದಿನ ಪೆಟ್ಟು ತಿಂದ ಗೂಲ್ಡ್‌ಗೆ ಈ ಪದ್ಧತಿಯ ಬಗ್ಗೆ ಬಹುಕಾಲ ಅನುಮಾನ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ. ವೇಲ್ಸ್ ಹಳೆಯ ಮೂವರ ಪದ್ಧತಿಗೆ ಮರಳಿ, 1888ರ ಡಿಸೆಂಬರ್‌ನಲ್ಲಿ ನೇಟಿವ್ಸ್ ವಿರುದ್ಧ ಮತ್ತೆ ನಾಲ್ವರನ್ನು ಇಳಿಸಿ ಗೆದ್ದಿತು. ಅಲ್ಲಿಂದ ಮುಂದೆ ಅದನ್ನು ಬಿಡಲಿಲ್ಲ. ಪದ್ಧತಿಯನ್ನು ಹುಟ್ಟುಹಾಕಿದ್ದು ಹ್ಯಾನ್‌ಕಾಕ್ ಆದರೆ, ಅದರಿಂದ ಟ್ರಿಪಲ್ ಕ್ರೌನ್ ಗೆಲ್ಲಬಹುದೆಂದು ತೋರಿಸಿದ್ದು ಗೂಲ್ಡ್ ನಾಯಕರಾಗಿದ್ದ ತಂಡ. 1893ರ ಸೋಲಿನ ಪೆಟ್ಟು ತಿಂದ ಮೇಲೆ, 1894ರಲ್ಲಿ ಇಂಗ್ಲೆಂಡ್ ಕೂಡ ನಾಲ್ವರನ್ನು ನಿಲ್ಲಿಸಿತು.

ಹಳೆಯ ಸ್ಕೋರುಗಳು ಅರ್ಥವೇ ಆಗುವುದಿಲ್ಲ. ಹೇಗೆ ಓದಬೇಕು?

ಗೂಲ್ಡ್ ಆಡಿದ 12 ವರ್ಷಗಳಲ್ಲೇ ಅಂಕ ಎಣಿಸುವ ರೀತಿ ಹಲವು ಸಲ ಬದಲಾಯಿತು. ಮೊದಲು ವರ್ಷ ನೋಡಿ, ಆಮೇಲೆ ಸ್ಕೋರು ನೋಡಿ.

ಎದುರಾಳಿಯ ಗೋಲ್ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಟ್ರೈ. ಟ್ರೈ ಆದ ಮೇಲೆ ಗೋಲ್ ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಒದ್ದರೆ ಕನ್ವರ್ಷನ್. 1880ರ ದಶಕದ ವರದಿಗಳಲ್ಲಿ ಅಂಕವೇ ಇರುವುದಿಲ್ಲ, "1 ಗೋಲ್, 2 ಟ್ರೈ" ಎಂದಷ್ಟೇ ಇರುತ್ತದೆ. ಅಲ್ಲಿ 'ಗೋಲ್' ಎಂದರೆ ಸಾಮಾನ್ಯವಾಗಿ ಕನ್ವರ್ಷನ್ ಆದ ಟ್ರೈ. ಆಗ ಒದೆತಕ್ಕೇ ಬೆಲೆ, ಟ್ರೈ ಎಂಬುದು ಒದೆಯಲು ಸಿಗುವ ಅವಕಾಶ ಮಾತ್ರ. 1887ರಲ್ಲಿ ಬರ್ಕನ್‌ಹೆಡ್‌ನಲ್ಲಿ ಐರ್ಲೆಂಡ್ ಮೂರು ಟ್ರೈ ಮಾಡಿಯೂ, ಒಂದು ಡ್ರಾಪ್ ಗೋಲ್ (ಚೆಂಡನ್ನು ಕೈಯಿಂದ ಬಿಟ್ಟು, ಪುಟಿಯುತ್ತಲೇ ಒದ್ದು ಗಳಿಸುವ ಗೋಲ್) ಮತ್ತು ಒಂದು ಟ್ರೈ ಮಾಡಿದ ವೇಲ್ಸ್‌ಗೆ ಸೋತಿತು. ಇಂದಿನ ಲೆಕ್ಕದಲ್ಲಿ ಅದೇ ಪಂದ್ಯ ಐರ್ಲೆಂಡ್ ಕಡೆಗೆ 15–8.

1892 ಮತ್ತು 1893ರ ಪಂದ್ಯಗಳಿಗೆ: ಟ್ರೈಗೆ 2, ಕನ್ವರ್ಷನ್‌ಗೆ 3, ಪೆನಾಲ್ಟಿಗೆ (ಎದುರಾಳಿಯ ತಪ್ಪಿಗೆ ಸಿಗುವ ಒದೆತ) 3, ಡ್ರಾಪ್ ಗೋಲ್‌ಗೆ 4. 1894ರ ಪಂದ್ಯಗಳಿಂದ ಟ್ರೈ 3ಕ್ಕೇರಿತು, ಕನ್ವರ್ಷನ್ 2ಕ್ಕಿಳಿಯಿತು. ಕಾಲಿಗಿಂತ ಕೈಯಾಟಕ್ಕೆ ಬೆಲೆ ಬಂದದ್ದು ಈ ಬದಲಾವಣೆಯಿಂದ.

ಸ್ಕೋರು ಸರಿಯಿದೆಯೇ ಎಂದು ಪರೀಕ್ಷಿಸಲು ಒಂದು ಉಪಾಯ: ಟ್ರೈ, ಕನ್ವರ್ಷನ್‌ಗಳನ್ನು ಆ ವರ್ಷದ ದರದಲ್ಲಿ ಕೂಡಿಸಿ ನೋಡಿ. 1896ರಲ್ಲಿ ಇಂಗ್ಲೆಂಡ್ 25–0 ಗೆದ್ದದ್ದು ಏಳು ಟ್ರೈ (21), ಎರಡು ಕನ್ವರ್ಷನ್ (4). ತಾಳೆಯಾಯಿತು. 1893ರ ಇಂಗ್ಲೆಂಡ್ ಪಂದ್ಯವನ್ನು 1894ರ ದರದಲ್ಲಿ ಕೂಡಿಸಿದರೆ ಮಾತ್ರ ದೊಡ್ಡ ಗೊಂದಲ ಬರುತ್ತದೆ. ಅದನ್ನು ಮುಂದೆ ನೋಡಿ.

1890ರಲ್ಲಿ ಇಂಗ್ಲೆಂಡನ್ನು ಸೋಲಿಸಿದ್ದು ಹೇಗೆ?

ಫೆಬ್ರವರಿ 15, ಯಾರ್ಕ್‌ಶೈರ್‌ನ ಡ್ಯೂಸ್‌ಬರಿ, ಕ್ರೌನ್ ಫ್ಲಾಟ್ ಮೈದಾನ. ಹಿಮ ಬೆರೆತ ಮಳೆ, ಕೆಸರು. ಇಡೀ ಪಂದ್ಯದಲ್ಲಿ ಆದದ್ದು ಒಂದೇ ಟ್ರೈ, ಅದು ವೇಲ್ಸ್‌ನ ಹಾಫ್‌ಬ್ಯಾಕ್ 'ಬುಲ್ಲರ್' ಸ್ಟ್ಯಾಡನ್ ಅವರದು. ಲೈನ್‌ಔಟ್‌ನಲ್ಲಿ (ಅಂಚು ದಾಟಿದ ಚೆಂಡನ್ನು ಮತ್ತೆ ಒಳಗೆ ಎಸೆಯುವಾಗ) ಚೆಂಡನ್ನು ದೂರ ಎಸೆಯುವಂತೆ ಕೈ ಎತ್ತಿ, ಎಲ್ಲರೂ ಆ ಕಡೆ ತಿರುಗುತ್ತಿದ್ದಂತೆ ಚೆಂಡನ್ನು ಅಲ್ಲೇ ನೆಲಕ್ಕೆ ಪುಟಿಸಿ, ತಾನೇ ಹಿಡಿದು ಗೆರೆ ದಾಟಿಬಿಟ್ಟರು. ಅವರು ಆಗ ಡ್ಯೂಸ್‌ಬರಿಯಲ್ಲೇ ಇದ್ದು ಅಲ್ಲಿನ ಕ್ಲಬ್‌ಗೆ ಆಡುತ್ತಿದ್ದವರು. ನಾಯಕ ಗೂಲ್ಡ್. ಅದಕ್ಕೆ ಹಿಂದಿನ ಪಂದ್ಯದಲ್ಲಿ ಸ್ಕಾಟ್ಲೆಂಡ್ ವಿರುದ್ಧ ನಾಯಕರಾಗಿದ್ದವರು ಫ್ರಾಂಕ್ ಹಿಲ್, ಹಾಗಾಗಿ 1890ರ ಮೂರೂ ಪಂದ್ಯಗಳನ್ನು ಗೂಲ್ಡ್ ಲೆಕ್ಕಕ್ಕೆ ಹಾಕಬೇಡಿ.

1893ರ ಇಂಗ್ಲೆಂಡ್ ಪಂದ್ಯಕ್ಕೆ ಅಷ್ಟು ಮಹತ್ವ ಏಕೆ?

ಜನವರಿ 7, ಕಾರ್ಡಿಫ್ ಆರ್ಮ್ಸ್ ಪಾರ್ಕ್. ಕೊರೆಯುವ ಚಳಿಗೆ ಮೈದಾನ ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಹಿಂದಿನ ರಾತ್ರಿಯಿಡೀ ಮೈದಾನದ ತುಂಬ ಅಗ್ಗಿಷ್ಟಿಕೆಗಳನ್ನಿಟ್ಟು ಸುಮಾರು 18 ಟನ್ ಕಲ್ಲಿದ್ದಲು ಉರಿಸಿ ನೆಲ ಕರಗಿಸಿದರು. ಬೆಳಿಗ್ಗೆ ನೋಡಿದರೆ ಬೆಂಕಿಯಿದ್ದ ಕಡೆ ಮಸಿ ಮತ್ತು ಕೆಸರು, ಮಿಕ್ಕ ಕಡೆ ಜಾರುವ ಮಂಜುಗಡ್ಡೆ.

ಇಂಗ್ಲೆಂಡ್ ಒಂಬತ್ತು ಫಾರ್ವರ್ಡ್‌ಗಳೊಂದಿಗೆ ಇಳಿಯಿತು. ನಾಯಕ ಆ್ಯಂಡ್ರೂ ಸ್ಟಾಡರ್ಟ್, ಕ್ರಿಕೆಟ್ ಓದುಗರಿಗೆ ಇಂಗ್ಲೆಂಡ್ ಟೆಸ್ಟ್ ತಂಡದ ನಾಯಕನಾಗಿ ಪರಿಚಿತ ಹೆಸರು. ಅರ್ಧವಿರಾಮಕ್ಕೆ ಇಂಗ್ಲೆಂಡ್ 7–0. ಮತ್ತೆ ಆಟ ಶುರುವಾಗಿ ಇನ್ನೊಂದು ಟ್ರೈ ಬಿದ್ದು 9–0. ಇಷ್ಟಾದ ಮೇಲೆ ಗೂಲ್ಡ್ ಎದುರಾಳಿಗಳ ನಡುವೆ ನುಸುಳಿ ಟ್ರೈ ಮಾಡಿದರು. ಮೊದಲಾರ್ಧದಲ್ಲಿ ಒಬ್ಬ ಹೆಚ್ಚಿನ ಆಳಿನಿಂದ ಸ್ಕ್ರಮ್ ಗೆದ್ದಿದ್ದ ಇಂಗ್ಲೆಂಡ್ ಫಾರ್ವರ್ಡ್‌ಗಳು ದಣಿದರು, ವೇಲ್ಸ್‌ನ ಎಂಟು ಜನರಿಗೆ ಚೆಂಡು ಸಿಗತೊಡಗಿತು, ಹಿಂದಿನ ನಾಲ್ವರು ಕೈಯಾಟ ಶುರುಮಾಡಿದರು. ನಾರ್ಮನ್ ಬಿಗ್ಸ್ ಒಂದು, ಗೂಲ್ಡ್ ಒಟ್ಟು ಎರಡು. ಇಂಗ್ಲೆಂಡ್ ಪರ ಹೊವಾರ್ಡ್ ಮಾರ್ಷಲ್ ಒಬ್ಬರೇ ಮೂರು ಟ್ರೈ ಮಾಡಿದರು, ಮತ್ತು ಅದೇ ಅವರ ಜೀವನದ ಒಂದೇ ಅಂತರರಾಷ್ಟ್ರೀಯ ಪಂದ್ಯ.

ಕೊನೆಗೆ ಇಂಗ್ಲೆಂಡ್ 11, ವೇಲ್ಸ್ 9. ಆಗ ವೇಲ್ಸ್‌ಗೆ ಪೆನಾಲ್ಟಿ ಸಿಕ್ಕಿತು. ಚೆಂಡನ್ನು ನೆಲದಲ್ಲಿಟ್ಟು ಒದೆಯಬೇಕೆಂದು ಗೂಲ್ಡ್ ಹೇಳಿದರು. ಒದೆಯಬೇಕಿದ್ದ ಫುಲ್‌ಬ್ಯಾಕ್ ಬಿಲ್ಲಿ ಬ್ಯಾಂಕ್ರಾಫ್ಟ್ ಒಪ್ಪಲಿಲ್ಲ. ಆ ನೆಲದಲ್ಲಿ ಚೆಂಡನ್ನು ನಿಲ್ಲಿಸುವುದೇ ಕಷ್ಟ. ಇಬ್ಬರಿಗೂ ಮಾತು ಬೆಳೆಯಿತು, ಗೂಲ್ಡ್ ಬೇಸರದಿಂದ ತಿರುಗಿ ನಡೆದರು. ಬ್ಯಾಂಕ್ರಾಫ್ಟ್ ತಮ್ಮಿಷ್ಟದಂತೆ ಡ್ರಾಪ್ ಕಿಕ್ ಹೊಡೆದರು, ಚೆಂಡು ಕಂಬಗಳ ನಡುವೆ ಹಾಯಿತು. ವೇಲ್ಸ್ ಪರ ದಾಖಲಾದ ಮೊದಲ ಪೆನಾಲ್ಟಿ ಗೋಲ್ ಅದು. ನಾಯಕನ ಮಾತು ಮೀರಿದ ಒಂದು ಒದೆತದಿಂದ ನಾಯಕನ ಅತಿ ದೊಡ್ಡ ಗೆಲುವು ಬಂತು.

ಆ ಪಂದ್ಯ ಡ್ರಾ ಆಯಿತೆಂದು ಕೆಲವರು ಹೇಳುತ್ತಾರಲ್ಲ?

ಆ ದಿನ ಮೈದಾನದಲ್ಲಿದ್ದ ಹಲವರೂ ಹಾಗೆಯೇ ತಿಳಿದಿದ್ದರು. ಲೆಕ್ಕ ಹಾಕಿ ನೋಡಿ. ವೇಲ್ಸ್: 3 ಟ್ರೈ, 1 ಕನ್ವರ್ಷನ್, 1 ಪೆನಾಲ್ಟಿ. ಇಂಗ್ಲೆಂಡ್: 4 ಟ್ರೈ, 1 ಕನ್ವರ್ಷನ್.

ಆ ವರ್ಷದ ಬೋರ್ಡ್ ದರದಲ್ಲಿ ವೇಲ್ಸ್ 6+3+3=12, ಇಂಗ್ಲೆಂಡ್ 8+3=11. ಟ್ರೈಗೆ 3, ಕನ್ವರ್ಷನ್‌ಗೆ 2 ಎಂದು ಎಣಿಸಿದರೆ 9+2+3=14 ಮತ್ತು 12+2=14, ಸರಿಸಮ. ಇಂದಿನ ದರದಲ್ಲಿ (ಟ್ರೈ 5, ಕನ್ವರ್ಷನ್ 2, ಪೆನಾಲ್ಟಿ 3) ವೇಲ್ಸ್ 20, ಇಂಗ್ಲೆಂಡ್ 22. ಒಂದೇ ಆಟ, ಮೂರು ಫಲಿತಾಂಶ! ಅಧಿಕೃತ ದಾಖಲೆ 12–11, ವೇಲ್ಸ್ ಗೆಲುವು. ಆ ದಿನದ ನಿಯಮದಲ್ಲಿ ಆಡಿದವರನ್ನು ಆ ದಿನದ ನಿಯಮದಲ್ಲೇ ಅಳೆಯಬೇಕು.

ಟ್ರಿಪಲ್ ಕ್ರೌನ್‌ನ ಉಳಿದ ಎರಡು ಪಂದ್ಯ?

ಎಡಿನ್‌ಬರಾದ ರೇಬರ್ನ್ ಪ್ಲೇಸ್‌ನಲ್ಲಿ ಸ್ಕಾಟ್ಲೆಂಡ್ ವಿರುದ್ಧ 9–0, ಲ್ಯಾನೆಲ್ಲಿಯ ಸ್ಟ್ರೇಡಿ ಪಾರ್ಕ್‌ನಲ್ಲಿ ಐರ್ಲೆಂಡ್ ವಿರುದ್ಧ 2–0. ಐರ್ಲೆಂಡ್ ಪಂದ್ಯದ ಏಕೈಕ ಟ್ರೈ ಮಾಡಿದ್ದು ಆರ್ಥರ್ ಅಲ್ಲ, ಅವರ ತಮ್ಮ ಬರ್ಟ್.

ಹಾಗಾದರೆ ಎಷ್ಟು ಜನ ಗೂಲ್ಡ್‌ಗಳಿದ್ದರು?

ವೇಲ್ಸ್ ಪರ ಆಡಿದ ಅಣ್ಣತಮ್ಮಂದಿರು ಮೂವರು, ದಾಖಲೆಗಳಲ್ಲಿ ಇವರು ಕಲಸಿಹೋಗುವುದು ಸಾಮಾನ್ಯ. ಅಣ್ಣ ಬಾಬ್ ಫಾರ್ವರ್ಡ್, 11 ಪಂದ್ಯ ಆಡಿದವರು, 1887ರಲ್ಲಿ ಮುಗಿಸಿದರು. ಆರ್ಥರ್ 27. ತಮ್ಮ ಬರ್ಟ್ 3, ಎಲ್ಲವೂ 1892 ಮತ್ತು 1893ರಲ್ಲಿ. 1885ರಿಂದ 1887ರ ನಡುವಿನ ವರದಿಯಲ್ಲಿ ಬರೀ 'ಗೂಲ್ಡ್' ಎಂದಿದ್ದರೆ ಫಾರ್ವರ್ಡ್‌ಗಳ ಸಾಲಿನಲ್ಲಿದೆಯೋ ಹಿಂದಿನ ಸಾಲಿನಲ್ಲಿದೆಯೋ ನೋಡಿ. 1893ರಲ್ಲಿ ಇಬ್ಬರೂ ಹಿಂದಿನ ಸಾಲಿನವರೇ, ಅಲ್ಲಿ ಇನಿಷಿಯಲ್ ನೋಡದೆ ವಿಧಿಯಿಲ್ಲ: ಎ. ಜೆ. ಎಂದರೆ ಆರ್ಥರ್, ಜಿ. ಎಚ್. ಎಂದರೆ ಬರ್ಟ್.

ನಾಯಕನಾಗಿ ಅವರ ದಾಖಲೆ ಏನು?

18 ಪಂದ್ಯ, 8 ಗೆಲುವು, 1 ಡ್ರಾ, 9 ಸೋಲು. ಮೊದಲ ನಾಯಕತ್ವ 1889ರಲ್ಲಿ ಸ್ವಾನ್ಸೀಯಲ್ಲಿ ಐರ್ಲೆಂಡ್ ವಿರುದ್ಧ. ವೇಲ್ಸ್‌ಗೆ ಅತಿ ಹೆಚ್ಚು ಪಂದ್ಯಗಳಲ್ಲಿ ನಾಯಕರಾದ ಅವರ ದಾಖಲೆ ಸುಮಾರು ನೂರು ವರ್ಷ ಹಾಗೇ ನಿಂತು, 1990ರ ದಶಕದಲ್ಲಿ ಯೂಆನ್ ಇವಾನ್ಸ್ ಅದನ್ನು ಮುರಿದರು. ಒಟ್ಟು ಪಂದ್ಯಗಳ ದಾಖಲೆ ಮಾತ್ರ ಬೇಗನೇ ಹೋಯಿತು: ಬ್ಯಾಂಕ್ರಾಫ್ಟ್ 1901ರಲ್ಲಿ ನಿವೃತ್ತರಾಗುವ ಹೊತ್ತಿಗೆ 33 ಆಡಿದ್ದರು.

ಕೆಟ್ಟ ವರ್ಷಗಳನ್ನೂ ಹೇಳಬೇಕು. 1892ರಲ್ಲಿ ಮೂರಕ್ಕೆ ಮೂರೂ ಸೋಲು. ಆ ವರ್ಷ ಸ್ವಾನ್ಸೀಯಲ್ಲಿ ಸ್ಕಾಟ್ಲೆಂಡ್‌ಗೆ ಸೋತಾಗ ಸಿಟ್ಟಿಗೆದ್ದ ಜನ ರೆಫರಿಯ ಮೇಲೆ ಏರಿ ಹೋದರು, ಕಾಪಾಡಲು ಹೋದ ಗೂಲ್ಡ್‌ಗೂ ಏಟು ಬಿತ್ತು. 1894ರಲ್ಲಿ ಬರ್ಕನ್‌ಹೆಡ್‌ನಲ್ಲಿ ಇಂಗ್ಲೆಂಡ್ 24–3ರಿಂದ ಸೋಲಿಸಿತು, ಅದೂ ವೇಲ್ಸ್‌ನಿಂದ ಕಲಿತ ನಾಲ್ವರ ಪದ್ಧತಿಯಲ್ಲೇ.

'ಗೂಲ್ಡ್ ಪ್ರಕರಣ' ಎಂದರೇನು?

1896ರಲ್ಲಿ ಗೂಲ್ಡ್ ಆಟ ನಿಲ್ಲಿಸುವ ಕಾಲ ಹತ್ತಿರವಾದಾಗ ಅಭಿಮಾನಿಗಳು ಅವರ ಗೌರವಾರ್ಥ ಸಾರ್ವಜನಿಕ ನಿಧಿ ತೆರೆದರು, ನ್ಯೂಪೋರ್ಟ್‌ನ ಪತ್ರಿಕೆ ಬೆಂಬಲಕ್ಕೆ ನಿಂತಿತು. ಹಣ ಹರಿದು ಬಂತು. ಆಗ ವೇಲ್ಸ್ ರಗ್ಬಿಯನ್ನು ನಡೆಸುತ್ತಿದ್ದ ವೆಲ್ಷ್ ಫುಟ್‌ಬಾಲ್ ಯೂನಿಯನ್ ಕೂಡ ತಾನೂ ಕೊಡುವುದಾಗಿ ಹೇಳಿತು. ಇಂಟರ್‌ನ್ಯಾಷನಲ್ ಬೋರ್ಡ್ ಕೂಡಲೇ ತಕರಾರು ತೆಗೆಯಿತು: ಆಟಗಾರನಿಗೆ ಹಣ ಕೊಡುವುದೆಂದರೆ ಅದು ವೃತ್ತಿಪರತೆ, ಅದಕ್ಕೆ ಅವಕಾಶವಿಲ್ಲ.

ಈ ಸಿಟ್ಟು ಅರ್ಥವಾಗಬೇಕಾದರೆ ಒಂದು ವರ್ಷ ಹಿಂದಕ್ಕೆ ಹೋಗಬೇಕು. 1895ರ ಆಗಸ್ಟ್‌ನಲ್ಲಿ ಇಂಗ್ಲೆಂಡ್‌ನ ಉತ್ತರದ ಕ್ಲಬ್‌ಗಳು ಹಡರ್ಸ್‌ಫೀಲ್ಡ್‌ನ ಹೋಟೆಲೊಂದರಲ್ಲಿ ಸೇರಿ ಬೇರೆಯಾಗಿದ್ದವು. ಶನಿವಾರ ಆಡಲು ಬರುವ ಗಣಿ, ಗಿರಣಿ ಕಾರ್ಮಿಕನಿಗೆ ಕಳೆದುಹೋದ ಕೂಲಿ ತುಂಬಿಕೊಡಬೇಕೆಂಬುದು ಅವುಗಳ ಬೇಡಿಕೆ. ಆ ಒಡಕಿನಿಂದಲೇ ಮುಂದೆ ರಗ್ಬಿ ಲೀಗ್ ಎಂಬ ಬೇರೆ ಆಟ ಬೆಳೆಯಿತು. ಆ ಗಾಯ ಹಸಿಯಾಗಿದ್ದಾಗಲೇ ವೇಲ್ಸ್ ತನ್ನ ನಾಯಕನಿಗೆ ನಿಧಿ ಕೂಡಿಸುತ್ತಿದೆ ಎಂದರೆ ಬೋರ್ಡ್ ಸುಮ್ಮನಿರುತ್ತದೆಯೇ? ವೇಲ್ಸ್‌ನ ಕಷ್ಟ ಬೇರೆ: ಅದರ ತಂಡದಲ್ಲೂ ದುಡಿಯುವ ವರ್ಗದವರು ತುಂಬಿದ್ದರು, ಉತ್ತರದ ಕ್ಲಬ್‌ಗಳು ಅವರನ್ನು ಹಣ ತೋರಿಸಿ ಸೆಳೆಯುತ್ತಿದ್ದವು. ತನ್ನವರನ್ನು ತಾನು ಗೌರವಿಸದಿದ್ದರೆ ಆಟವೇ ಕೈಬಿಟ್ಟು ಹೋಗುತ್ತದೆಂಬ ಭಯ ಯೂನಿಯನ್‌ಗಿತ್ತು.

ಕ್ರಿಕೆಟ್‌ನಲ್ಲಿ ಹಿಂದಿನ ವರ್ಷವಷ್ಟೇ ಡಬ್ಲ್ಯು. ಜಿ. ಗ್ರೇಸ್‌ಗೆ ಇಂಗ್ಲೆಂಡ್‌ನಲ್ಲಿ ಶಿಲ್ಲಿಂಗ್ ನಿಧಿ ಕೂಡಿಸಿ ಸಾವಿರಾರು ಪೌಂಡ್ ಕೊಟ್ಟಿದ್ದರು. ಗ್ರೇಸ್ ಕೂಡ ಹೆಸರಿಗೆ ಅಮೆಚೂರ್ (ಹಣಕ್ಕಾಗಿ ಆಡದ) ಆಟಗಾರರೇ. ಅಲ್ಲಿ ಯಾರಿಗೂ ಕಾಣದ ದೋಷ ಇಲ್ಲಿ ಕಂಡದ್ದು ನ್ಯಾಯವಲ್ಲ ಎಂದೇ ನಮ್ಮ ನಿಲುವು.

ಆಮೇಲೆ ಏನಾಯಿತು?

1897ರ ಫೆಬ್ರವರಿಯಲ್ಲಿ ವೇಲ್ಸ್ ಬೋರ್ಡ್‌ನಿಂದ ಹೊರಬಂತು. ಆ ವರ್ಷ ಸ್ಕಾಟ್ಲೆಂಡ್, ಐರ್ಲೆಂಡ್ ವೇಲ್ಸ್ ಜೊತೆ ಆಡಲಿಲ್ಲ, ಜನವರಿಯ ಇಂಗ್ಲೆಂಡ್ ಪಂದ್ಯವೊಂದೇ ಆದದ್ದು. ಏಪ್ರಿಲ್ 19ರ ಈಸ್ಟರ್ ಸೋಮವಾರ ನ್ಯೂಪೋರ್ಟ್‌ನಲ್ಲಿ ಔತಣಕೂಟ ನಡೆಸಿ, ಆ ಊರಿನ ಕ್ಲೈಥಾ ಪಾರ್ಕ್‌ನಲ್ಲಿದ್ದ ಮನೆಯೊಂದರ ಪತ್ರಗಳನ್ನು ಗೂಲ್ಡ್ ಕೈಗೆ ಕೊಟ್ಟರು. ನಗದಿನ ಬದಲು ಮನೆ.

ಮೊದಲು ಸಡಿಲಾದದ್ದು ಇಂಗ್ಲೆಂಡ್. 1897ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಯೂನಿಯನ್, ಇದು ವಿಶೇಷ ಸಂದರ್ಭವೆಂದು ಹೇಳಿ, ಗೂಲ್ಡ್ ಇಂಗ್ಲಿಷ್ ಕ್ಲಬ್‌ಗಳ ವಿರುದ್ಧ ಆಡಬಹುದೆಂದು ಮತ ಹಾಕಿತು. ದೊಡ್ಡ ಮನಸ್ಸೆಂದುಕೊಳ್ಳಬೇಡಿ. ಇಂಗ್ಲೆಂಡ್‌ನ ನೈಋತ್ಯ ಭಾಗದ ಕ್ಲಬ್‌ಗಳ ವರಮಾನ ವೆಲ್ಷ್ ಕ್ಲಬ್‌ಗಳ ಜೊತೆಗಿನ ಪಂದ್ಯಗಳ ಮೇಲೆ ನಿಂತಿತ್ತು, ಉತ್ತರದವರು ಹೋದ ಮೇಲೆ ಇವರನ್ನೂ ಕಳೆದುಕೊಳ್ಳುವಂತಿರಲಿಲ್ಲ. 1898ರ ಆರಂಭದಲ್ಲಿ ವೇಲ್ಸ್ ಬೋರ್ಡ್‌ಗೆ ಮರಳಿತು, ಗೂಲ್ಡ್ ಇನ್ನು ಅಂತರರಾಷ್ಟ್ರೀಯ ಪಂದ್ಯ ಆಡಬಾರದೆಂಬ ಷರತ್ತಿನ ಮೇಲೆ. ಆ ವರ್ಷ ಐರ್ಲೆಂಡ್, ಇಂಗ್ಲೆಂಡ್ ಆಡಿದವು. ಸ್ಕಾಟ್ಲೆಂಡ್ 1899ರವರೆಗೆ ಪಟ್ಟು ಬಿಡಲಿಲ್ಲ. ಚಾಂಪಿಯನ್‌ಶಿಪ್ ಪಟ್ಟಿಗಳಲ್ಲಿ 1897 ಮತ್ತು 1898 'ಅಪೂರ್ಣ' ಎಂದು ಕಂಡರೆ ಕಾರಣ ಇದೇ.

ಗೂಲ್ಡ್ ಮೇಲೆ ನಿಷೇಧ ಹೇರಿದ್ದರಿಂದ ನಿವೃತ್ತರಾದರೇ?

ಇಲ್ಲ. ನಿಧಿ ಕೂಡಿಸಿದ್ದೇ ನಿವೃತ್ತಿಯ ಕಾಣಿಕೆಯಾಗಿ. ಅವರಿಗೆ ಆಗ 32 ದಾಟಿತ್ತು. ಕೊನೆಯ ಪಂದ್ಯ 1897ರ ಜನವರಿ 9, ಸ್ವಂತ ಊರಿನ ರಾಡ್ನಿ ಪರೇಡ್‌ನಲ್ಲಿ, ಇಂಗ್ಲೆಂಡ್ ವಿರುದ್ಧ 11–0 ಗೆಲುವು. ಬೋರ್ಡ್ ಷರತ್ತು ಅವರಿಂದ ಒಂದು ಪಂದ್ಯವನ್ನೂ ಕಸಿದುಕೊಳ್ಳಲಿಲ್ಲ ಎನ್ನುವುದೇ ಸರಿ.

ಕ್ಲಬ್ ಮಟ್ಟದಲ್ಲಿ?

ನ್ಯೂಪೋರ್ಟ್‌ಗೆ 1882ರಿಂದ 1898ರವರೆಗೆ. ಕೆಲಸಕ್ಕೆ ಲಂಡನ್‌ನಲ್ಲಿದ್ದಾಗ ರಿಚ್ಮಂಡ್ ಮತ್ತು ಲಂಡನ್ ವೆಲ್ಷ್‌ಗೂ ಆಡಿದರು. 1891–92ರ ಋತುವಿನಲ್ಲಿ ನ್ಯೂಪೋರ್ಟ್ ಒಂದೂ ಪಂದ್ಯ ಸೋಲಲಿಲ್ಲ. ಕ್ಲಬ್ ಪಂದ್ಯಗಳನ್ನು ಅಂತರರಾಷ್ಟ್ರೀಯ 27ರ ಜೊತೆ ಕೂಡಿಸಬೇಡಿ. ಇಂಥ ದಾಖಲೆಗಳನ್ನು ಓದುವಾಗ ಇನ್ನೊಂದು ಎಚ್ಚರ: '1892–93' ಎಂದರೆ ಋತು, ಚಾಂಪಿಯನ್‌ಶಿಪ್ ಪಂದ್ಯಗಳು ಅದರ ಎರಡನೇ ವರ್ಷದ ಜನವರಿಯಿಂದ ಮಾರ್ಚ್‌ವರೆಗೆ ಬರುತ್ತವೆ. ಇದನ್ನು ಮರೆತರೆ ಟ್ರಿಪಲ್ ಕ್ರೌನ್ 1892ಕ್ಕೆ ಜಾರಿಬಿಡುತ್ತದೆ, ಮೂರಕ್ಕೆ ಮೂರೂ ಸೋತ ವರ್ಷಕ್ಕೆ.

ಆಟ ಬಿಟ್ಟ ಮೇಲೆ?

ವೇಲ್ಸ್ ತಂಡದ ಆಯ್ಕೆಗಾರರಾದರು, ರೆಫರಿಯಾಗಿಯೂ ದುಡಿದರು, ಬ್ರೂವರಿಯೊಂದರ ಪ್ರತಿನಿಧಿಯಾಗಿ ಜೀವನ ಸಾಗಿಸಿದರು. 1919ರ ಜನವರಿ 2ರಂದು, 54ನೇ ವಯಸ್ಸಿನಲ್ಲಿ ತೀರಿಕೊಂಡರು. ವರ್ಲ್ಡ್ ರಗ್ಬಿ ಹಾಲ್ ಆಫ್ ಫೇಮ್‌ನಲ್ಲಿ ಅವರ ಹೆಸರಿದೆ. ಅವರು ಕೊನೆಯ ಅಂತರರಾಷ್ಟ್ರೀಯ ಪಂದ್ಯ ಆಡಿದ ರಾಡ್ನಿ ಪರೇಡ್‌ನಲ್ಲಿ ಇಂದಿಗೂ ರಗ್ಬಿ ಪಂದ್ಯಗಳು ನಡೆಯುತ್ತವೆ.